ಅವ್ವನ ನಿದ್ದಿ

ಎಳ್ಳ ಅಮಾಸಿ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿಕೊಂಡು, ಚಕ್ಕಡಿ ಹೂಡಿಕೊಂಡು ಹೋಗಿ, ಜೋಳದ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ ಬಂದ ಮೇಲೆಯೇ ಊಟ. ಚರಗ ಚೆಲ್ಲುವುದು ಮನೆಯ ಗಂಡಸಿನ ಕೆಲಸ. ನಮ್ಮ ಹೊಲದಲ್ಲಿ ಮಾತ್ರ ಅವ್ವ ಸೆರಗು ಸಿಕ್ಕಿಸಿಕೊಂಡು ಚೆಲ್ಲುತ್ತಿದ್ದಳು. ಅಪ್ಪ ಚಕ್ಕಡಿ ಹಾದಿಯಲ್ಲೇ ನಿಂತಿರುತ್ತಿದ್ದ. ಗಾಲಿ ಉರುಳಿ ಉರುಳಿ ಗಟ್ಟಿಯಾದ ಆ ಎರಡು ಗೆರೆಗಳನ್ನು ಬಿಟ್ಟು ಅವನ ಕಾಲು ಎರಿ ಮಣ್ಣಿಗೆ ಇಳಿಯುತ್ತಿರಲಿಲ್ಲ. ಹೊಲ ಹರಗಿ ಮಣ್ಣು ಸಡಿಲ ಮಾಡಿದ ದಿನಗಳಲ್ಲಂತೂ ಬದುವಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಬೈಲಹೊಂಗಲದಿಂದ ಸವದತ್ತಿ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಊರು ನಮ್ಮದು. ನಾಲ್ಕು ಎಕರೆ ಹೊಲ. ಅಪ್ಪ 1996ರಲ್ಲಿ ಪಿಂಚಣಿ ತಗೊಂಡು ಬಂದ ಮೇಲೆ ಆ ಹೊಲ ಮಾಡಿದವಳು ಅವ್ವ. "ಮಿಲ್ಟ್ರಿ ಮನಿಷ್ಯಾ, ಬೂಟಿಗೆ ಮಣ್ಣ ಹತ್ತತೈತಿ" ಎಂದು ಊರವರು ನಗುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಅಪ್ಪನಿಗೆ ಮೈಗಳ್ಳತನ ಎಂದು ಒಳಗೊಳಗೇ ಸಿಟ್ಟು ಕೂಡ ಇತ್ತು.

ಅಪ್ಪ ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಎಂ.ಇ.ಜಿ. ಕೇಂದ್ರದಲ್ಲಿ ತರಬೇತಾದವನು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯಲೆಂದು ಶ್ರೀಲಂಕಾಕ್ಕೆ ಹೋದ ನಮ್ಮ ಸೈನ್ಯ ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ತಮಿಳು ಬಂಡುಕೋರರ ಸಂಘಟನೆಯಾದ ಎಲ್‌ಟಿಟಿಇ ಜೊತೆ ಯುದ್ಧಕ್ಕೇ ಇಳಿಯಬೇಕಾಯಿತು. ರಸ್ತೆಯ ಕೆಳಗೆ, ಕಾಲುದಾರಿಯಲ್ಲಿ, ಮನೆಗಳ ಹೊಸ್ತಿಲ ಬಳಿ ಹೂತಿಟ್ಟ ಸ್ಫೋಟಕಗಳನ್ನು ಹುಡುಕಿ ತೆಗೆಯುವುದು ಸ್ಯಾಪರ್‌ಗಳ ಕೆಲಸ. ಆಗಷ್ಟೇ ಅಗೆದು ಮುಚ್ಚಿದ ಮಣ್ಣಿಗೂ ಹಳೆಯ ಮಣ್ಣಿಗೂ ಇರುವ ಬಣ್ಣದ ವ್ಯತ್ಯಾಸ ಹಿಡಿದವನು ಬದುಕಿದ, ತಪ್ಪಿದವನು ಸತ್ತ. ಅಂಥಾ ಕಣ್ಣು ತಗೊಂಡು ಊರಿಗೆ ಬಂದವನಿಗೆ ಹರಗಿದ ಹೊಲ ಹೇಗೆ ಕಂಡಿರಬೇಕು! ಇಷ್ಟು ಸರಳ ಸಂಗತಿ ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ.

ಆ ಕಾರ್ಯಾಚರಣೆಯಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತರು. ಕೊನೆಯ ತುಕಡಿ 1990ರ ಮಾರ್ಚ್‌ನಲ್ಲಿ ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಅಪ್ಪ ಅದಕ್ಕೂ ಮೊದಲೇ ವಾಪಸ್ ಬಂದಿದ್ದ. ಅವನ ಕರಿ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ಮಂಚದ ಕೆಳಗೇ ಇರುತ್ತಿತ್ತು. ಪಿಂಚಣಿ ಆಗಿ ವರ್ಷಗಳು ಕಳೆದರೂ ಒಳಗೆ ಎರಡು ಜೊತೆ ಬಟ್ಟೆ, ಕ್ಷೌರದ ಸಾಮಾನು, ಒಂದು ಟವಲ್ ಮಡಚಿಟ್ಟ ಹಾಗೇ ಇದ್ದವು. "ರಜಾಕ್ಕ ಬಂದವ್ರಂಗ ಅದಾರ ನೋಡವಾ ನಿಮ್ಮಪ್ಪ, ಇನ್ನ ಹೊಳ್ಳಿ ಹೋಗಾವ್ರಂಗ" ಎಂದು ಅವ್ವ ಒಮ್ಮೆ ಅಂದಿದ್ದಳು. ವಿಯೆಟ್ನಾಂನಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳ ಜೊತೆ 1970ರ ದಶಕದಲ್ಲಿ ಕೆಲಸ ಮಾಡಿದ ಪಾಲಿನ್ ಬಾಸ್ ಎಂಬ ಚಿಕಿತ್ಸಕಿ ಇಂಥ ದುಃಖಕ್ಕೊಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ಅಸ್ಪಷ್ಟ ನಷ್ಟ ಎನ್ನಬಹುದೇನೋ. ಮನುಷ್ಯ ಕಾಣೆಯಾಗಿದ್ದರೂ ಮನಸ್ಸಿನಿಂದ ಹೋಗದಿರುವುದು ಒಂದು ಬಗೆ. ಕಣ್ಣೆದುರೇ ಕೂತಿದ್ದರೂ ಕೈಗೆ ಸಿಗದಿರುವುದು ಇನ್ನೊಂದು. ಎರಡನೆಯದಕ್ಕೆ ಅಳುವುದಕ್ಕೂ ಆಗುವುದಿಲ್ಲ, ಏಕೆಂದರೆ ಊರು ಕೇಳುತ್ತದೆ: ಗಂಡ ಜೀವಂತ ಬಂದಾನಲ್ಲ, ನಿನಗೇನಾಗೇತಿ?

ರಾತ್ರಿಯದು ಬೇರೆಯೇ ಕತೆ. ಅಪ್ಪ ನಿದ್ದೆಯಲ್ಲಿ ಕೂಗುತ್ತಿದ್ದ. ಮೊದಮೊದಲು ಅವ್ವ ಭುಜ ಹಿಡಿದು ಅಲುಗಾಡಿಸಿದಳಂತೆ. ಅವಳ ಎಡಗೈಯ ಕಿರುಬೆರಳು ಇವತ್ತಿಗೂ ಸೊಟ್ಟ ಇದೆ. ಅಪ್ಪ ಎಚ್ಚರವಿದ್ದಾಗ ಅವಳ ಮೇಲೆ ಕೈ ಎತ್ತಿದವನಲ್ಲ. ಬೆರಳು ಮುರಿದದ್ದು ತಾನೇ ಎಂದು ಗೊತ್ತಾದ ಮೇಲೆ ಎರಡು ದಿನ ಊಟ ಬಿಟ್ಟಿದ್ದನಂತೆ. ಆಮೇಲೆ ಅವ್ವ ಬೇರೆ ದಾರಿ ಹಿಡಿದಳು. ಮಂಚದ ಕಾಲ್ದೆಸೆಗೆ, ಕೈ ಎಟುಕದಷ್ಟು ದೂರ ನಿಂತು, ದೀಪ ಹಚ್ಚಿ, ನಿಧಾನಕ್ಕೆ ಹೇಳುವುದು: "ಮನ್ಯಾಗ ಅದೀರಿ. ನಮ್ಮ ಊರಾಗ ಅದೀರಿ. ಹೊರಗ ಎಮ್ಮಿ ಒದರಾಕತ್ತೇತಿ ಕೇಳ್ರಿ." ಅವನ ಉಸಿರು ಇಳಿಯುವವರೆಗೆ ಅದೇ ಮಾತು. ಅವನು ಮತ್ತೆ ಮಲಗುತ್ತಿದ್ದ. ಅವಳು ಬೆಳಗಿನವರೆಗೂ ಕೂತಿರುತ್ತಿದ್ದಳು. ನಾಲ್ಕು ಗಂಟೆಗೆ ಎದ್ದು ಕಸ ಹೊಡೆಯುತ್ತಾಳೆ, ಎಂಥಾ ಚಟುವಟಿಕೆಯ ಹೆಣ್ಣುಮಗಳು ಎಂದು ನೆರೆಯವರು ಹೊಗಳುತ್ತಿದ್ದರು. ಅವಳು ಎದ್ದದ್ದಲ್ಲ, ಮಲಗಿಯೇ ಇರಲಿಲ್ಲ.

2004ರಲ್ಲಿ ನನ್ನ ಮದುವೆಯಾಯಿತು. ಪಟಾಕಿ ಬೇಡವೆಂದು ಬೀಗರಿಗೆ ಮೊದಲೇ ಹೇಳಿದ್ದೆವು. ಆದರೂ ಯಾರೋ ಹುಡುಗರು ಹಂದರದ ಹೊರಗೆ ಒಂದು ಸರ ಹಚ್ಚಿಬಿಟ್ಟರು. ನಾವೆಲ್ಲ ಅಪ್ಪನ ಕಡೆ ನೋಡಿದೆವು. ಅವನು ಹಲ್ಲು ಕಚ್ಚಿ, ಕಂಬ ಹಿಡಿದು ನಿಂತಿದ್ದ. ಅಕ್ಷತೆಯ ತಾಟು ಬಿಸಾಕಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿದವಳು ಅವ್ವ.

ಅವಳು ಜಾಫ್ನಾ ನೋಡಿಲ್ಲ. ಗುಂಡಿನ ಸದ್ದು ಕೇಳಿಲ್ಲ. ಆ ಯುದ್ಧ ಅವಳ ಮೈಯೊಳಗೆ ಯಾವ ದಾರಿಯಿಂದ ಬಂತು ಎಂಬ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಮಾಸ್ತರಿಕೆ ಮಾಡುವವಳು ನಾನು, ವೈದ್ಯಳಲ್ಲ. ಆದರೂ ಸಿಕ್ಕಿದ್ದನ್ನು ಓದುತ್ತಾ ಹೋದೆ. ಯುದ್ಧದಂಥ ಆಘಾತ ಮುಗಿದ ಮೇಲೂ ಮೈಮನಸ್ಸನ್ನು ಬಿಡದ ಈ ಕಾಯಿಲೆ ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದ್ದು 1980ರಲ್ಲಿ, ಅದೂ ವಿಯೆಟ್ನಾಂನಿಂದ ಮರಳಿದವರ ಒತ್ತಾಯದ ಬಲದಿಂದ. ಸ್ವತಃ ವಿಯೆಟ್ನಾಂಗೆ ಹೋಗಿಬಂದ ಚಾರ್ಲ್ಸ್ ಫಿಗ್ಲಿ, ಆಘಾತವಾದವರನ್ನು ಹತ್ತಿರದಿಂದ ನೋಡಿಕೊಳ್ಳುವವರಿಗೂ ಅದರ ನೆರಳು ತಾಕುತ್ತದೆ ಎಂದು ಬರೆದರು. ಇಸ್ರೇಲಿನ ಜಹಾವಾ ಸೊಲೊಮನ್ ಮತ್ತು ಅವರ ಸಂಗಡಿಗರು 1982ರ ಲೆಬನಾನ್ ಯುದ್ಧದಿಂದ ಬಂದವರ ಹೆಂಡತಿಯರನ್ನು ಮಾತನಾಡಿಸಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕ್ರೊಯೇಷಿಯಾದ ಒಂದು ಅಧ್ಯಯನ, 2007ರದು. ಪಿಟಿಎಸ್‌ಡಿಗೆ ಚಿಕಿತ್ಸೆ ಪಡೆಯುತ್ತಿದ್ದ ಮಾಜಿ ಯೋಧರ 56 ಹೆಂಡತಿಯರನ್ನು ಅಲ್ಲಿ ಕೇಳಿದ್ದರು. ಯಾವ ಲಕ್ಷಣವೂ ಇಲ್ಲದವರು ಮೂರೇ ಜನ. 22 ಮಂದಿಗೆ ಪರೋಕ್ಷ ಆಘಾತದ ಲಕ್ಷಣಗಳು ಪೂರ್ತಿಯಾಗಿಯೇ ಇದ್ದವು. ಆ ಸಾಲು ಓದುವಾಗ ನನಗೆ ಕಂಡದ್ದು ಹಂದರದಲ್ಲಿ ಚೆಲ್ಲಿದ್ದ ಅಕ್ಷತೆ.

ಅಷ್ಟು ವರ್ಷ ಅವ್ವ ಆಸ್ಪತ್ರೆಗೆ ಹೋಗಲಿಲ್ಲವೇ? ಹೋಗಿದ್ದಳು. ತಲೆಶೂಲೆ, ಎದೆ ಢವಗುಟ್ಟುವುದು, ಕೈಕಾಲು ಜುಮುಜುಮು. ಒಂದೊಂದಕ್ಕೂ ಒಂದೊಂದು ಗುಳಿಗೆ ಸಿಕ್ಕಿತು. ಒಬ್ಬ ವೈದ್ಯರು ಅಪ್ಪನ ಕತೆ ಕೇಳಿ, "ಅವರನ್ನ ಸಮಾಧಾನದಿಂದ ನೋಡ್ಕೋರಿ, ನೀವs ಧೈರ್ಯ ಕಳಕೊಂಡ್ರ ಹ್ಯಾಂಗ?" ಎಂದು ಕಳಿಸಿದರು. ಅವ್ವ ಬಸ್ಸಿನಲ್ಲಿ ಬರುವಾಗ ಒಂದೂ ಮಾತಾಡಲಿಲ್ಲ.

ಸೈನ್ಯದ ಕಾಗದಪತ್ರಗಳಲ್ಲಿ ಅವಳಿಗೆ ಹೆಸರಿಲ್ಲ, ಅವಳು ಹವಾಲ್ದಾರನ 'ವೈಫ್ ಆಫ್'. ಓದಲು ಬಾರದವಳಿಗೆ ಗಂಡನ ಆರ್ಮಿ ನಂಬರು ಮಾತ್ರ ಹಾಡಿನ ಹಾಗೆ ಬಾಯಿಪಾಠ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳನ್ನು ವೀರನಾರಿ ಎನ್ನುತ್ತೇವೆ, ಎನ್ನಲೇಬೇಕು. ಅವಳಿಗೆ ಪಿಂಚಣಿ ಇದೆ, ಸನ್ಮಾನವಿದೆ. ಇವು ಇನ್ನೂ ಹೆಚ್ಚಾಗಲಿ ಎಂದೇ ನನ್ನ ಆಸೆ. ಗಂಡ ಬಂದರೂ ಪೂರ್ತಿ ಬಾರದವಳನ್ನು ಏನೆಂದು ಕರೆಯುವುದು? ಜಿಲ್ಲಾ ಸೈನಿಕ ಬೋರ್ಡಿನ ಯಾವ ಅರ್ಜಿಯಲ್ಲೂ ಅವಳಿಗೊಂದು ಖಾನೆ ನನಗೆ ಕಂಡಿಲ್ಲ. ಮಾಜಿ ಸೈನಿಕರ ಚಿಕಿತ್ಸೆಗೆಂದು 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯಿಂದ ಮಾಜಿ ಸೈನಿಕನ ಹೆಂಡತಿಗೂ ಚಿಕಿತ್ಸೆ ಸಿಗುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಹೆಸರಿಲ್ಲದ ನೋವನ್ನು ಯಾವ ಚೀಟಿಯ ಮೇಲೆ ಬರೆಸುವುದು?

2011ರಲ್ಲಿ ಧಾರವಾಡದ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಅವ್ವನನ್ನು ಕರೆದುಕೊಂಡು ಹೋದೆ. ಅಪ್ಪನನ್ನು ಕರೆದುಕೊಂಡು ಹೋಗಬೇಕೆಂದೇ ಇತ್ತು, ಅವನು ಬಿಲ್‌ಕುಲ್ ಒಪ್ಪಲಿಲ್ಲ. ಅವನೇ ಬರದ ಮೇಲೆ ಅವ್ವ ಹೋಗಿ ಏನು ಉಪಯೋಗ ಎಂದು ನನಗೂ ಅನ್ನಿಸಿತ್ತು. ಆ ಹೆಣ್ಣುಮಗಳು ನನ್ನನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆಯ ಮೇಲೆ ಅವ್ವ ಹೊರಗೆ ಬಂದಳು, ಕಣ್ಣು ಕೆಂಪಗಿದ್ದವು. "ಏನ್ ಕೇಳಿದ್ರು ಬೇ?" ಅಂದೆ. "ನನ್ನ ಹೆಸರ ಹಿಡದು ಕರದ್ರು. ನಿಮಗ ನಿದ್ದಿ ಹತ್ತತೈತೇನ್ರಿ ಅಂತ ಕೇಳಿದ್ರು" ಅಂದಳು. ಅಪ್ಪ ಶ್ರೀಲಂಕಾದಿಂದ ಬಂದ ಮೇಲಿನ ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಏಳು ತಿಂಗಳಲ್ಲಿ ಹನ್ನೊಂದು ಸಲ ಹೋದೆವು. ನನ್ನ ಕಣ್ಣಿಗೆ ಬಿದ್ದಷ್ಟನ್ನು ಬರೆಯುತ್ತೇನೆ. ಚಿಕಿತ್ಸೆ ಎಂದರೆ ಮಂಚದ ಮೇಲೆ ಮಲಗಿ ಬಾಲ್ಯದ ಕತೆ ಹೇಳುವುದು ಎಂದು ತಿಳಿದವರು ಬಹಳ ಜನ ಇದ್ದಾರೆ.

ಮೊದಲ ಕೆಲಸ, ನಡೆಯುತ್ತಿರುವುದು ಏನು ಎಂದು ತಿಳಿಸಿ ಹೇಳುವುದು. ಅಪ್ಪನ ಮೈ ಇನ್ನೂ ಕಾವಲಿನಲ್ಲೇ ಇದೆ, ಆ ಮೈಯನ್ನು ಕಾಯುತ್ತಾ ಅವ್ವನ ಮೈಯೂ ಕಾವಲಿಗೆ ನಿಂತುಬಿಟ್ಟಿದೆ, ಇದು ದೆವ್ವವಲ್ಲ, ಮಾಟವಲ್ಲ, ಅವಳ ತಪ್ಪಂತೂ ಅಲ್ಲ. ಮಂಚದ ಕಾಲ್ದೆಸೆಗೆ ನಿಂತು ಎಮ್ಮೆಯ ಸದ್ದು ಕೇಳಿಸುವ ಅವಳ ಉಪಾಯವನ್ನು ಕೇಳಿ ಆ ಹೆಣ್ಣುಮಗಳು, ನಾವು ಓದಿ ಕಲಿತು ಹೇಳಿಕೊಡುವುದು ಇದನ್ನೇ, ನೀವು ನಿಮ್ಮಷ್ಟಕ್ಕೇ ಕಂಡುಕೊಂಡಿರಿ ಎಂದರಂತೆ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ತಾನಾಗಿ ಗಿರಮಿಟ್ ಬೇಕು ಎಂದಳು. ಹೊರಗೆ ತಿನ್ನಲು ಕೇಳಿದವಳೇ ಅಲ್ಲ ಅವಳು.

ಆಮೇಲೆ ಲೆಕ್ಕ. ಎದೆ ಝಲ್ಲೆಂದಾಗಲೆಲ್ಲ ಏನಾಯಿತು ಎಂದು ಬರೆದಿಡಲು ಹೇಳುವುದು ವಾಡಿಕೆ. ಬರೆಯಲು ಬಾರದವಳಿಗೆ ಎರಡು ಬಟ್ಟಲು ಇಡಿಸಿದರು. ಹೊರಗಿನ ಸದ್ದಿಗೆ ಬೆಚ್ಚಿದರೆ ಒಂದರಲ್ಲಿ ಜೋಳದ ಕಾಳು, ಅವರು ಬೆಚ್ಚುತ್ತಾರೇನೋ ಎಂದು ಮೊದಲೇ ಬೆಚ್ಚಿದರೆ ಇನ್ನೊಂದರಲ್ಲಿ. ವಾರ ಕಳೆದ ಮೇಲೆ ಎಣಿಸಿದರೆ ಮೊದಲನೆಯದರಲ್ಲಿ ಆರು, ಎರಡನೆಯದರಲ್ಲಿ ನಲವತ್ತೊಂದು. ಅವ್ವ ಆ ಬಟ್ಟಲನ್ನೇ ಬಹಳ ಹೊತ್ತು ನೋಡಿದಳು.

ಎರಡನೆಯ ಬಟ್ಟಲು ತುಂಬಿಸುತ್ತಿದ್ದುದರಲ್ಲಿ ಕುಕ್ಕರ್ ಮುಖ್ಯ. ನಮ್ಮ ಮನೆಯ ಕುಕ್ಕರ್ ಎಂದೂ ಸೀಟಿ ಹಾಕಿದ್ದಿಲ್ಲ. ಉಗಿ ಸುಯ್ಯೆನ್ನುತ್ತಿದ್ದಂತೆ ಅವ್ವ ಓಡಿಹೋಗಿ ಗ್ಯಾಸ್ ಇಳಿಸುತ್ತಿದ್ದಳು. ಬಾಗಿಲ ಚಿಲಕಕ್ಕೆ ಅರಿವೆ ಸುತ್ತಿದ್ದಳು. ಮೊಮ್ಮಕ್ಕಳ ಬಲೂನನ್ನು ತಾನೇ ಗಾಳಿ ಬಿಟ್ಟು ಅಡಗಿಸುತ್ತಿದ್ದಳು. ಇದು ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಗಂಡ ಅಂಜುವ ಪ್ರತಿಯೊಂದನ್ನೂ ಹೆಂಡತಿ ಮುಂದಾಗಿ ಅಡಗಿಸುತ್ತಾ ಹೋದರೆ ಅವನ ಅಂಜಿಕೆಗೆ ಕಡಿಮೆಯಾಗಲು ಅವಕಾಶವೇ ಸಿಗುವುದಿಲ್ಲ, ಅವಳ ಜಗತ್ತು ಮಾತ್ರ ದಿನದಿನಕ್ಕೆ ಇಕ್ಕಟ್ಟಾಗುತ್ತದೆ. ಕ್ಯಾಂಡಿಸ್ ಮಾನ್ಸನ್ ಮತ್ತು ಸ್ಟೆಫನಿ ಫ್ರೆಡ್‌ಮನ್ ರೂಪಿಸಿದ ದಂಪತಿ ಚಿಕಿತ್ಸೆ ಹಿಡಿಯುವ ಎಳೆಗಳಲ್ಲಿ ಇದೂ ಒಂದು. ಗಂಡ ಹೆಂಡತಿ ಜೊತೆಗೆ ಕೂತು 15 ಸಲ. ಇಬ್ಬರೂ ಕೂಡಿ ತಪ್ಪಿಸುತ್ತಾ ಬಂದದ್ದನ್ನು ಇಬ್ಬರೂ ಕೂಡಿ ಸ್ವಲ್ಪಸ್ವಲ್ಪವೇ ಎದುರಿಸುವುದು. 2012ರಲ್ಲಿ 40 ಜೋಡಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಚಿಕಿತ್ಸೆಗೆ ಕಾಯುತ್ತಿದ್ದವರಿಗಿಂತ ಚಿಕಿತ್ಸೆ ಪಡೆದವರ ಪಿಟಿಎಸ್‌ಡಿ ಲಕ್ಷಣಗಳು ಚೆನ್ನಾಗಿ ಇಳಿದವು.

ಈ ಮಾತನ್ನು ಹೆಂಡತಿಗೆ ಹೇಳುವವರ ನಾಲಿಗೆ ಬಹಳ ಮೆತ್ತಗಿರಬೇಕು. ಇಲ್ಲವಾದರೆ 'ನಿನ್ನಿಂದಲೇ ಅವನ ಕಾಯಿಲೆ ಬೆಳೆಯಿತು' ಎಂದು ಕೇಳಿಸುತ್ತದೆ. ಅತ್ತೆ ಮನೆ, ಊರು ಎಲ್ಲ ಸೇರಿ ಅವಳ ತಲೆಯ ಮೇಲೆ ಮೊದಲೇ ಅಂಥ ಹೊರೆ ಇಟ್ಟಿರುತ್ತವೆ. ನಮ್ಮ ಸಮಾಲೋಚಕಿ ಬರಿ ಕೇಳಿದರು: "ಕುಕ್ಕರ್ ಒಂದ್ ಸೀಟಿ ಹೊಡದ್ರ ಯಾರಿಗೆ ಭಾಳ ತ್ರಾಸು, ಅವರಿಗೋ ನಿಮಗೋ?" ಅವ್ವ ಯೋಚಿಸಿ, "ನನಗs ರೀ" ಅಂದಳಂತೆ.

ಆ ಭಾನುವಾರ ನಾನು ಊರಲ್ಲಿದ್ದೆ. ಅವ್ವ ಬೇಳೆ ಇಟ್ಟು, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ, "ಕುಕ್ಕರ್ ಸೀಟಿ ಹೊಡಿತೈತ್ರೀ, ಒಂದs ಒಂದು" ಎಂದು ಹೇಳಿ ಬಂದಳು. ಒಲೆಯ ಮುಂದೆ ನಿಂತು ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ಸೀಟಿ ಹೊಡೆಯಿತು. ಅವಳ ಉಗುರು ನನ್ನ ಚರ್ಮದಲ್ಲಿ ನಾಟಿತ್ತು. ಹೊರಗಿನಿಂದ ಎರಡು ಉಸಿರಿನಷ್ಟು ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅಪ್ಪ, "ಆತೇನು?" ಎಂದ. "ಆತ್ರಿ" ಎಂದಳು. ಅಷ್ಟೇ. ಆ ಬೇಳೆ ಬೆಂದಿರಲಿಲ್ಲ, ಹಾಗೆಯೇ ಉಂಡೆವು.

ಗಂಡನೇ ಚಿಕಿತ್ಸೆಗೆ ಬಾರದಿದ್ದರೆ ಹೆಂಡತಿಗೇನು ದಾರಿ ಎಂದು ಕೇಳುವವರಿಗೆ ಇದನ್ನು ಹೇಳುತ್ತೇನೆ. ಒಬ್ಬಳು ಬದಲಾದರೂ ಮನೆಯ ಗಾಳಿ ಬದಲಾಗುತ್ತದೆ. ಬದಲಾಗದಿದ್ದರೂ ಅವಳ ನಿದ್ದೆ ಅವಳದು, ಅದಕ್ಕೆ ಬೇರೆ ಕಾರಣ ಬೇಕಿಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆ, ಚಿಕಿತ್ಸೆಗೆ ಒಪ್ಪದ ಸೈನಿಕರ ಮನೆಯವರಿಗೆಂದೇ ಫೋನಿನಲ್ಲಿ ಮಾರ್ಗದರ್ಶನ ಕೊಡುವ ವ್ಯವಸ್ಥೆ ಇಟ್ಟುಕೊಂಡಿದೆ. ವಿಯೆಟ್ನಾಂ ಯೋಧರ ಹೋರಾಟದಿಂದ ಆಸ್ಟ್ರೇಲಿಯಾದಲ್ಲಿ 1982ರಲ್ಲಿ ಶುರುವಾದ ಸಮಾಲೋಚನಾ ಸೇವೆ ಇವತ್ತು ಓಪನ್ ಆರ್ಮ್ಸ್ ಎಂಬ ಹೆಸರಿನಲ್ಲಿ ಹೆಂಡತಿ ಮಕ್ಕಳಿಗೂ ಬಾಗಿಲು ತೆರೆದಿದೆ. ನಮ್ಮಲ್ಲೂ ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆನ್ನೆಲುಬು ಬೆಂಗಳೂರಿನ ನಿಮ್ಹಾನ್ಸ್. ಸೈನ್ಯದವರಿಗೂ ಅವರ ಮನೆಯವರಿಗೂ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕವೂ 2023ರಲ್ಲಿ ಶುರುವಾಯಿತು.

ಮನೆಯವರನ್ನು ಚಿಕಿತ್ಸೆಯ ಒಳಗೆ ಕರೆದುಕೊಳ್ಳುವುದು ನಮ್ಮ ದೇಶಕ್ಕೆ ಹೊಸದೇನಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದ ಡೇರೆಗಳಲ್ಲಿ ಜೊತೆಗೇ ಉಳಿಸಿಕೊಂಡರು. ನಿಮ್ಹಾನ್ಸ್‌ನ ಕುಟುಂಬ ಮನೋವೈದ್ಯ ಕೇಂದ್ರ 1977ರಷ್ಟು ಹಳೆಯದು. ನನಗಿರುವ ಕಳವಳ ಬೇರೆ. ಹೆಂಡತಿಯನ್ನು ಒಳಗೆ ಕರೆದು, ಗುಳಿಗೆ ಹೇಗೆ ಕೊಡಬೇಕು, ಸಿಟ್ಟು ಬಂದಾಗ ಹೇಗೆ ಸಂಭಾಳಿಸಬೇಕು ಎಂದಷ್ಟೇ ಕಲಿಸಿ ಕಳಿಸಿದರೆ ಅವಳಿಗೆ ಇನ್ನೊಂದು ಡ್ಯೂಟಿ ಹಚ್ಚಿದ ಹಾಗಾಯಿತು. ಅವಳಿಗೆಂದೇ ಒಂದು ಕುರ್ಚಿ, ಮುಚ್ಚಿದ ಬಾಗಿಲು, ಗಂಡ ಪಕ್ಕದಲ್ಲಿಲ್ಲದ ಮುಕ್ಕಾಲು ಗಂಟೆ ಬೇಕೇ ಬೇಕು. ಯಾಕೆಂದರೆ ಎಲ್ಲರ ಮನೆಯಲ್ಲೂ ಬೆರಳು ಮುರಿದದ್ದು ನಿದ್ದೆಯಲ್ಲಲ್ಲ. ಮಿಲ್ಟ್ರಿ ಕ್ಯಾಂಟೀನ್ ರಮ್ಮಿನ ಬಾಟಲಿ ಖಾಲಿಯಾದ ರಾತ್ರಿಗಳ ಕತೆ ನಮ್ಮ ಸುತ್ತಲಿನ ಊರುಗಳ ಎಷ್ಟೋ ಹೆಣ್ಣುಮಕ್ಕಳ ಹೊಟ್ಟೆಯಲ್ಲಿದೆ. ಹೊಡೆತಕ್ಕೆ ಅಂಜಿ ಬದುಕುವವಳನ್ನು ಹೊಡೆಯುವವನ ಪಕ್ಕದಲ್ಲಿ ಕೂರಿಸಿ ಮನಸ್ಸು ಬಿಚ್ಚಿ ಮಾತಾಡು ಎನ್ನುವುದು ಚಿಕಿತ್ಸೆಯಲ್ಲ. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ.

ಗುಂಪು ಕೂಡಿಸಲೂ ಸಮಾಲೋಚಕಿ ಪ್ರಯತ್ನಪಟ್ಟರು. ಬಸ್ಸಿನ ತಾಪತ್ರಯ, ಸುಗ್ಗಿ, ಮನೆಯಲ್ಲಿ ಏನೆಂದು ಹೇಳಿ ಬರುವುದು ಎಂಬ ಚಿಂತೆ, ಹೀಗಾಗಿ ಬಂದವರು ಅವ್ವ ಮತ್ತು ಕಾರ್ಗಿಲ್‌ಗೆ ಹೋಗಿಬಂದವನೊಬ್ಬನ ಹೆಂಡತಿ, ಇಬ್ಬರೇ. ಆ ಹುಡುಗಿಯ ಮನೆಯಲ್ಲೂ ಚಿಲಕಕ್ಕೆ ಅರಿವೆ ಸುತ್ತಿತ್ತಂತೆ. ಅವತ್ತು ಇಬ್ಬರೂ ಕೈ ಕೈ ಹಿಡಿದುಕೊಂಡು ಹೊರಗೆ ಬಂದರು. ಧಾರವಾಡದವರೆಗೆ ಬರಲಾಗದವರಿಗೆ ಊರಿನ ಸ್ತ್ರೀಶಕ್ತಿ ಸಂಘಗಳೇ ಇಂಥ ಜಾಗ ಆಗಬಹುದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ವಾರಕ್ಕೊಮ್ಮೆ ಸಾಲದ ಲೆಕ್ಕಕ್ಕೆ ಹೇಗೂ ಕೂಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದಾಗ ಅವ್ವ ಹೇಳಿದ್ದು ಒಂದೇ: ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಎರಡು ರಾತ್ರಿ ಇರಬೇಕು. ಅಪ್ಪ ಊರಿಗೆ ಬಂದಾಗಿನಿಂದ ಅವಳು ಒಂದು ರಾತ್ರಿಯೂ ಮನೆಯ ಹೊರಗೆ ಮಲಗಿರಲಿಲ್ಲ. ನಾಲ್ಕು ತಿಂಗಳು ಅದಕ್ಕೇ ತಯಾರಿ ನಡೆಯಿತು. ತಮ್ಮ ಬಂದು ಅಪ್ಪನ ಹತ್ತಿರ ಮಲಗಿದ. ಎರಡನೆಯ ರಾತ್ರಿ ಅಪ್ಪ ಕೂಗಿದನಂತೆ, ತಮ್ಮ ದೀಪ ಹಚ್ಚಿ ಎಮ್ಮೆಯ ಮಾತು ಹೇಳಿದನಂತೆ. ಅವ್ವ ಹಣೆತುಂಬ ಭಂಡಾರ ಹಚ್ಚಿಕೊಂಡು ವಾಪಸ್ ಬಂದಳು.

ಒಂದು ಮಾತಿಗೆ ಮಾತ್ರ ಅವಳು ಒಪ್ಪಿರಲಿಲ್ಲ. ರಾತ್ರಿ ಕೂಗಿದಾಗ ಗಂಡನ ಹೆಸರು ಹಿಡಿದು ಕರೆಯಿರಿ, ಬೇಗ ಎಚ್ಚರಾಗುತ್ತಾರೆ ಎಂದು ಸಮಾಲೋಚಕಿ ಹೇಳಿದ್ದರು. ಮದುವೆಯಲ್ಲಿ ಒಡಪಿನೊಳಗೆ ಒಮ್ಮೆ ಹೇಳಿದ್ದು ಬಿಟ್ಟರೆ ಗಂಡನ ಹೆಸರು ಅವಳ ಬಾಯಿಂದ ಬಂದದ್ದಿಲ್ಲ. "ಅದೊಂದ ಹೇಳಬ್ಯಾಡ್ರಿ" ಎಂದು ಎದ್ದೇ ಬಂದಿದ್ದಳು.

ಅಪ್ಪ 2019ರಲ್ಲಿ ತೀರಿಕೊಂಡ. ಕೊನೆಯವರೆಗೂ ಹರಗಿದ ಹೊಲಕ್ಕೆ ಇಳಿಯಲಿಲ್ಲ, ಟ್ರಂಕು ಬಿಚ್ಚಲಿಲ್ಲ. ಆದರೆ 2012ರ ದೀಪಾವಳಿಗೆ ನಾನು ಊರಿಗೆ ಹೋಗಿದ್ದೆ. ಪಟಾಕಿಯ ದಿನಗಳು, ನಡುರಾತ್ರಿ ಅಪ್ಪ ಕೂಗಿಕೊಂಡ. ಎದ್ದು ಕೂತೆ. ಗೋಡೆಯಾಚೆ ದೀಪ ಹತ್ತಿದ ಸದ್ದು. ಆಮೇಲೆ ಅವ್ವನ ದನಿ, ಸಣ್ಣಗೆ, ಒಂದೇ ಸಲ, ಅವನ ಹೆಸರು. ಅವನ ತಾಯಿ ಕರೆಯುತ್ತಿದ್ದಂತೆ ಅರ್ಧಕ್ಕೆ ಮೊಟಕು ಮಾಡಿದ ಹೆಸರು. ಒಳಗೆ ಸುಮ್ಮನಾಯಿತು. "ಯಾರು?" ಎಂದ ಅಪ್ಪ. "ನಾನs" ಎಂದಳು.

ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಪಡಸಾಲೆಯ ಒಳಗೆ ಬಂದಿತ್ತು. ಅಂಗಳದ ಕಸ ಹೊಡೆದಿರಲಿಲ್ಲ, ಒಲೆ ಹೊತ್ತಿರಲಿಲ್ಲ. ಗಾಬರಿಯಿಂದ ಎದ್ದು ಹೊರಗೆ ಬಂದೆ. ಅಪ್ಪ ಅವ್ವನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟು, "ಮಲಗ್ಯಾಳ" ಎಂದ.